ಉಸ್ತಾದರ ನಾಲ್ಕು ಬೆರಳು

ಹೋದ ತಿಂಗಳು ನನ್ನ ಮೊಮ್ಮಗಳು ಗೌರಿ ಮೊಳದುದ್ದದ ಒಂದು ಜೀಪನ್ನು ತಂದು ನನ್ನ ಚಹಾದ ಬಸಿಯ ಪಕ್ಕಕ್ಕಿಟ್ಟಳು. "ಅಜ್ಜಾ, ಹಿಂದಿನ ಶಾಫ್ಟ್ ಕಳಚಿ ಬಿತ್ತು ನೋಡು" ಅಂದಳು. ಅದನ್ನು ಆಟಿಕೆ ಅಂದರೆ ಅವಳಿಗೆ ಸಿಟ್ಟು. ಅದು ಕೈಯಲ್ಲಿನ ರಿಮೋಟಿನಿಂದ ಬಂಡೆ ಹತ್ತಿಸುವ ಗಾಡಿ, ಕ್ರಾಲರ್ ಅನ್ನಬೇಕಂತೆ. ಹಿಂದವಾಡಿಯಲ್ಲಿ ನಮ್ಮ ಮನೆಯ ಎದುರಿಗೆ ಯಾರೋ ಮನೆ ಕಟ್ಟಿಸಲು ಕಲ್ಲಿನ ರಾಶಿ ಹಾಕಿಸಿದ್ದಾರೆ. ಇಂಜಿನಿಯರಿಂಗ್ ಓದುವ ನಮ್ಮ ಗೌರಿ ರಜೆಯ ದಿನವೆಲ್ಲ ಆ ರಾಶಿಯ ಮೇಲೆ ಇದನ್ನು ಹತ್ತಿಸುತ್ತ, ಬೀಳಿಸುತ್ತ ಇರುತ್ತಾಳೆ.

ಕನ್ನಡಕ ಹಾಕಿಕೊಂಡು ಕೆಳಗಿನಿಂದ ನೋಡಿದೆ. ಗಾಲಿಗಳ ಅಚ್ಚನ್ನು ಚೌಕಟ್ಟಿಗೆ ಹಿಡಿದಿಡುವ ಸಣ್ಣ ಸರಳುಗಳಿಗೆ ಅವರು ಲಿಂಕ್ ಎನ್ನುತ್ತಾರೆ. ಅವನ್ನು ತೆಗೆದು ಉದ್ದನೆಯವು ಹಾಕಿದ್ದಳು. ಅಚ್ಚು ಹಿಂದಕ್ಕೂ ಕೆಳಕ್ಕೂ ಸರಿದಿತ್ತು. ಆದರೆ ತಿರುಗುವ ಬಲವನ್ನು ಅಚ್ಚಿಗೆ ಮುಟ್ಟಿಸುವ ಶಾಫ್ಟು ಮಾತ್ರ ಮೊದಲಿನದೇ ಇತ್ತು.

"ಲಿಂಕ್ ಉದ್ದ ಮಾಡಿದಿ. ಶಾಫ್ಟಿನ ಕಡೆ ಯಾರ್ ನೋಡಬೇಕು?"

"ಉದ್ದ ಲಿಂಕ್ ಛಲೋ ಅಂತ ಎಲ್ಲಾರೂ ಹೇಳ್ಯಾರ ಅಜ್ಜಾ. ವಿಡಿಯೋದಾಗ ನೋಡೇನಿ."

"ಆ ವಿಡಿಯೋದಾವ್ರು ನಮ್ಮ ಮನಿ ಮುಂದಿನ ಕಲ್ಲು ನೋಡ್ಯಾರೇನ?"

ಅವಳು ಮುಖ ಉಬ್ಬಿಸಿದಳು. ಆಮೇಲೆ ಪಕ್ಕದಲ್ಲೇ ಕೂತು, "ನಿನಗೂ ಹಿಂಗ ಆಗಿತ್ತೇನ?" ಎಂದು ಕೇಳಿದಳು. ಆಗಿತ್ತು. ಮೊಳದುದ್ದದ ಗಾಡಿಯಲ್ಲಲ್ಲ, ಖರೇ ಗಾಡಿಯಲ್ಲಿ, ಖಾನಾಪುರದಾಚೆಯ ಹಳ್ಳದಲ್ಲಿ. ಅದನ್ನು ಹೇಳಿದಾಗ, "ಬರದಿಡು ಅಜ್ಜಾ, ನಮ್ಮ ಕ್ಲಾಸಿನ ಹುಡುಗ್ರಿಗೂ ಓದಾಕ ಕೊಡ್ತೇನಿ" ಅಂದಳು. ಆದ್ದರಿಂದ ಬರೆಯುತ್ತಿದ್ದೇನೆ. ನಾನು ಯಾವ ವರ್ಷ ಫೋರಮನ್ ಆದೆ, ಬೀಳ್ಕೊಡುವಾಗ ಯಾವ ಶಾಲು ಹೊದಿಸಿದರು ಎಂಬುದರಿಂದ ನಿಮಗೆ ಏನೂ ಆಗಬೇಕಾದ್ದಿಲ್ಲ. ಗಾಡಿಯ ಕೆಳಗೆ ಮಲಗಿ ಕಲಿತದ್ದನ್ನಷ್ಟೇ ಹೇಳುತ್ತೇನೆ.

ನಾನು ದೇಸೂರಿನವನು. ಎಪ್ಪತ್ತರ ದಶಕದ ನಡುವೆ ಐಟಿಐ ಮುಗಿಸಿ ಉದ್ಯಮಬಾಗ ಎಂಬ ಕಾರಖಾನೆಗಳ ಬಡಾವಣೆಯ ಒಂದು ವರ್ಕಶಾಪಿಗೆ ಸೇರಿದೆ. ಎಡಕ್ಕೆ ಎರಕದ ಫೌಂಡ್ರಿ, ಬಲಕ್ಕೆ ಪಂಪಿನ ಕಾರಖಾನೆ, ನಡುವೆ ತಗಡಿನ ಸೂರಿನ ನಮ್ಮ ಶಾಪು. ಮಾಲೀಕರು ಚನ್ನಬಸಪ್ಪ ಅಣ್ಣಾವರು ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆಯುತ್ತಿದ್ದರು. ಮಿಲಿಟರಿಯವರು ಲಿಲಾವಿನಲ್ಲಿ ಮಾರಿದ ಹಳೇ ಜೀಪುಗಳನ್ನು ಜನ ಕೊಂಡು ತರುತ್ತಿದ್ದರು. ಅವನ್ನು ಕಾಡಿನ ದಾರಿಗೆ, ಕಲ್ಲಿನ ದಾರಿಗೆ ತಯಾರು ಮಾಡಿ ಕೊಡುವುದು ನಮ್ಮ ಕೆಲಸ.

ಮಾಡುವವರು ಉಸ್ತಾದರು. ಹೆಸರು ಮಹಬೂಬಸಾಹೇಬ. ಅಣ್ಣಾವರೂ ಅವರನ್ನು ಉಸ್ತಾದ ಎಂದೇ ಕರೆಯುತ್ತಿದ್ದರು. ಐವತ್ತರ ಹತ್ತಿರದ ವಯಸ್ಸು, ಗಿಡ್ಡ ಆಳು, ದೊಡ್ಡ ಕೈ. ಅಂಥ ಕೈ ನಾನು ಬೇರೆ ಯಾರಲ್ಲೂ ನೋಡಲಿಲ್ಲ. ಹುಡುಗನಾಗಿದ್ದಾಗಿನಿಂದ ಸುತ್ತಿಗೆ ಹಿಡಿದ ಕೈ, ಒಂದೊಂದು ಬೆರಳೂ ಬಾಳೆಕಾಯಿಯ ಗಾತ್ರ. ಸಾಲಿಗೆ ಹೋದವರಲ್ಲ. ಆದರೆ ಗಾಡಿ ಗೇಟಿನೊಳಗೆ ಬರುವಾಗಲೇ ಅದರ ಸಪ್ಪಳ ಕೇಳಿ, "ಇದರ ಹಿಂದಿನ ಕ್ರಾಸ್ ಸವದೈತಿ" ಎಂದು ಕುಂತಲ್ಲಿಂದಲೇ ಹೇಳುತ್ತಿದ್ದರು. ಕ್ರಾಸ್ ಎಂದರೆ ಶಾಫ್ಟಿನ ತುದಿಯ ಕೂಡುಗೀಲು. ನಾನು ಸರ್ಟಿಫಿಕೇಟಿನ ಸೊಕ್ಕಿನಲ್ಲಿ ಮೊದಮೊದಲು ಬಿಚ್ಚಿ ನೋಡುತ್ತಿದ್ದೆ. ಪ್ರತಿ ಸಲ ಅವರು ಹೇಳಿದ್ದೇ ಇರುತ್ತಿತ್ತು. ಆರು ತಿಂಗಳಿಗೆ ಬಿಚ್ಚಿ ನೋಡುವುದು ಬಿಟ್ಟೆ.

ಅವರು ಕಲಿಸಿದ ಮೊದಲ ಪಾಠವನ್ನು ಇವತ್ತಿನವರೂ ಒಪ್ಪುವುದು ಕಷ್ಟ. ಕಲ್ಲು ಹತ್ತುವ ಗಾಡಿಗೆ ಬಿಗಿಯಾದ ಪಾಟಾ ಹಾಕಬೇಕು ಎಂದು ಎಲ್ಲರೂ ತಿಳಿಯುತ್ತಾರೆ. ಪಾಟಾ ಎಂದರೆ ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಟ್ಟಿಗಳು, ಗಾಡಿಯ ಭಾರ ಹೊರುವಂಥವು. ಗಿರಾಕಿಗಳು ಬಂದು, "ಇನ್ನೆರಡು ಪಟ್ಟಿ ಹೆಚ್ಚಿಗಿ ಹಾಕ್ರಿ" ಎನ್ನುತ್ತಿದ್ದರು. ಉಸ್ತಾದರು ಇದ್ದ ಪಟ್ಟಿಗಳಲ್ಲೇ ಒಂದನ್ನು ತೆಗೆದುಬಿಡುತ್ತಿದ್ದರು.

"ಬಿಗಿ ಪಾಟಾ ಹಾಕಿದ್ರ ಕಲ್ಲಿನ ಮ್ಯಾಲ ಮೂರ ಗಾಲಿ ನಿಲ್ತಾವ, ನಾಕನೇದು ಗಾಳಿಯೊಳಗ. ಗಾಳಿಯೊಳಗಿನ ಗಾಲಿ ಏನ್ ಎಳಿತೈತಿ? ಮೆತ್ತಗ ಮಾಡು. ನಾಕೂ ನೆಲಾ ಹಿಡೀಬೇಕು."

ಎತ್ತರ ಬೇಕಿದ್ದರೆ ಪಾಟಾದ ತುದಿಯನ್ನು ಚೌಕಟ್ಟಿಗೆ ತೂಗುಹಾಕುವ ಕೊಂಡಿ ಇರುತ್ತದಲ್ಲ, ನಾವು ಶಾಕಲ್ ಎನ್ನುತ್ತಿದ್ದೆವು, ಅದನ್ನು ಸ್ವಲ್ಪ ಉದ್ದ ಮಾಡುತ್ತಿದ್ದರು. ಗೌರಿಯ ಗಾಡಿಯಲ್ಲಿ ಲಿಂಕು ಮಾಡುವ ಕೆಲಸದಲ್ಲಿ ಅರ್ಧದಷ್ಟನ್ನು ನಮ್ಮಲ್ಲಿ ಇದು ಮಾಡುತ್ತಿತ್ತು. ತೀರ ಉದ್ದ ಮಾಡಿದರೆ ಗಾಡಿ ತಿರುವಿನಲ್ಲಿ ತೂರಾಡುತ್ತದೆ. ಎಷ್ಟು ಸಾಕು ಎಂಬುದನ್ನು ಅವರು ಗಿರಾಕಿಯ ದಾರಿ ಕೇಳಿ ಗೊತ್ತು ಮಾಡುತ್ತಿದ್ದರು. ಯಾವ ಊರು, ಎಷ್ಟು ಹಳ್ಳ, ಕಲ್ಲು ಗುಂಡಗಿನವೋ ಚೂಪಿನವೋ, ಎಷ್ಟು ಮಂದಿ ಕೂಡುತ್ತಾರೆ ಎಂದು ಕಾಲು ತಾಸು ಕೇಳುತ್ತಿದ್ದರು. ಸಂಬಂಧ ನೋಡಲು ಬಂದವರೂ ಅಷ್ಟು ಕೇಳುವುದಿಲ್ಲ ಎಂದು ಅಣ್ಣಾವರು ನಗುತ್ತಿದ್ದರು.

ಗಾಡಿಯನ್ನು ಎತ್ತರಿಸಿದ ಮೇಲೆ ಶಾಫ್ಟಿನ ಅಳತೆ. ಇದೇ ಮುಖ್ಯ, ಗಮನ ಇಟ್ಟು ಓದಿರಿ. ಜೀಪಿನ ಶಾಫ್ಟ್ ಒಂದೇ ಕೋಲಲ್ಲ. ಎರಡು ತುಂಡು, ಒಂದರೊಳಗೆ ಒಂದು ಜಾರುತ್ತದೆ. ಗಾಲಿ ಮೇಲೆ ಬಂದರೆ ಒಳಗೆ ಸರಿಯುತ್ತದೆ, ಗಾಲಿ ಇಳಿದರೆ ಹೊರಗೆ. ಶಾಫ್ಟ್ ಉದ್ದವಾದರೆ ಒಳತುದಿಗೆ ಹೋಗಿ ಗುದ್ದಿ ಗೇರ್‌ಬಾಕ್ಸ್ ಒಡೆಯುತ್ತದೆ. ಗಿಡ್ಡವಾದರೆ ಹೊರಗೆ ಬಂದು ಕಳಚಿಕೊಳ್ಳುತ್ತದೆ. ನಾನು ಸೇರಿದ ಎರಡನೇ ವರ್ಷ ಒಂದು ಗಾಡಿಗೆ ಉದ್ದ ಶಾಫ್ಟ್ ಕೂಡಿಸಿ, ಗೇಟು ದಾಟುವಷ್ಟರಲ್ಲಿ ಗೇರ್‌ಬಾಕ್ಸಿನ ಕವಚ ಸೀಳಿಸಿದ್ದೆ. ಅಂದಿನಿಂದ ಉದ್ದವೆಂದರೆ ನನಗೆ ಹೆದರಿಕೆ. ಆ ಹೆದರಿಕೆ ಮುಂದೆ ಏನು ಮಾಡಿಸಿತು ಎಂಬುದನ್ನು ಹೇಳುತ್ತೇನೆ.

ಉಸ್ತಾದರ ಅಳತೆ ಒಂದು ಹಬ್ಬದಂತೆ ನಡೆಯುತ್ತಿತ್ತು. "ಹೇರ್ರಿ" ಎಂದು ಕೂಗುತ್ತಿದ್ದರು. ಶಾಪಿನವರೆಲ್ಲ ಕೆಲಸ ಬಿಟ್ಟು ಜೀಪು ಹತ್ತಬೇಕು. ಟರ್ನರು, ವೆಲ್ಡರು, ಚಹಾ ಕೊಡಲು ಬಂದವನು, ಕೊನೆಗೆ ಧೋತರ ಎತ್ತಿಕೊಂಡು ಅಣ್ಣಾವರು. ಸಾಲದ್ದಕ್ಕೆ ಫೌಂಡ್ರಿಯಿಂದ ಉಸುಕಿನ ಚೀಲ. ಹತ್ತುವ ಮೊದಲು ಉಸ್ತಾದರು ಕೆಳಗೆ ಮಲಗಿ, ಶಾಫ್ಟಿನ ಒಳತುಂಡಿನ ಮೇಲೆ ಜಾರುವ ಬಾಯಿಗೆ ಹತ್ತಿಸಿ ಒಂದು ಕರೀ ದಾರ ಸುತ್ತುತ್ತಿದ್ದರು. ಭಾರ ಬಿದ್ದಾಗ ಹೊರತುಂಡು ಒಳತುಂಡಿನ ಮೇಲೆ ಸರಿಯುತ್ತ ಆ ದಾರವನ್ನು ದೂಡಿಕೊಂಡು ಹೋಗುತ್ತದೆ. ಎಲ್ಲರೂ ಇಳಿದ ಮೇಲೆ ದಾರ ಎಲ್ಲಿ ನಿಂತಿದೆ ಎಂದು ನೋಡಿದರೆ ಎಷ್ಟು ಒಳಗೆ ಹೋಗಿತ್ತು ಎಂಬುದು ತಿಳಿಯುತ್ತದೆ. ಮೂರು ಪೈಸೆಯ ದಾರ. ಮುಂದೆ ನಾನು ಕಂಡ ಯಾವ ಮಶಿನ್ನೂ ಅದಕ್ಕಿಂತ ಸರಳವಾಗಿ ಖರೇ ಹೇಳಲಿಲ್ಲ.

ಕೊನೆಗೆ ಗಾಡಿ ಖಾಲಿಯಾಗಿ ಸಪಾಟು ನೆಲದ ಮೇಲೆ ನಿಂತಾಗ, ಒಳತುಂಡು ಹೊರತುಂಡಿನೊಳಗೆ ಎಷ್ಟು ಉಳಿದಿದೆ ಎಂದು ಕೈ ಹಚ್ಚಿ ನೋಡುತ್ತಿದ್ದರು. "ಒಳಗ ನಾಕ ಬೆರಳ ಇರಬೇಕು. ಕಡಿಮಿ ಆಗಬಾರ್ದು." ಅಷ್ಟೇ. ಸ್ಕೇಲಿಲ್ಲ, ಕಾಗದವಿಲ್ಲ. ಅವರ ಕೈಯಿಂದ ಹೋದ ಒಂದು ಶಾಫ್ಟೂ ತಿರುಗಿ ಬಂದದ್ದನ್ನು ನಾನು ನೋಡಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ, ಒಂದು ಬೇಸಿಗೆಯಲ್ಲಿ ಖಾನಾಪುರದಿಂದ ಡಾಕ್ಟರ ಸುಮತಿಬಾಯಿ ಬಂದರು. ನಲವತ್ತರ ಹೆಂಗಸು, ಒಂಬತ್ತು ಗಜದ ಸೀರೆಯುಟ್ಟ ಅತ್ತೆಯ ಮನೆಯಲ್ಲಿದ್ದೂ ತಾವೇ ಜೀಪು ನಡೆಸುತ್ತಿದ್ದವರು. ಡ್ರೈವರ್ ಪರಶುರಾಮ ಜೊತೆಗಿರುತ್ತಿದ್ದ. ವಾರಕ್ಕೊಮ್ಮೆ, ಗುರುವಾರ, ಕಾಡಂಚಿನ ಹಳ್ಳಿಗಳಿಗೆ ಹೋಗಿ ರೋಗಿಗಳನ್ನು ನೋಡುತ್ತಿದ್ದರು. ಅವರ ಲಿಲಾವಿನ ಜೀಪು ಮೂರನೇ ಹಳ್ಳದಲ್ಲಿ ಹೊಟ್ಟೆ ಕಲ್ಲಿಗೆ ತಾಗಿ ನಿಂತುಬಿಡುತ್ತಿತ್ತು.

ಉಸ್ತಾದರು ಎಂದಿನಂತೆ ದಾರಿ ಕೇಳಿದರು. ಬಾಯಿಯವರು ಎಲ್ಲ ಹೇಳಿ, ಕೊನೆಗೆ ಧ್ವನಿ ಇಳಿಸಿ ಅಂದರು: "ಹ್ವಾದ ಮಳಿಗಾಲದಾಗ ಮೂರನೇ ಹಳ್ಳದಿಂದ ತಿರುಗಿ ಬಂದ್ನಿ. ಆಚಿ ದಂಡಿ ಮ್ಯಾಲಿನ ಊರಾಗ ಒಬ್ಬಾಕಿ ಹೆರಿಗಿ ಆಗದ ಸತ್ಲು. ನಾ ಹೋಗಿದ್ರ ಉಳೀತಿದ್ಲು, ಖರೇನ ಹೇಳ್ತೇನಿ. ಈ ವರ್ಷ ನಾ ಅಲ್ಲಿಂದ ತಿರುಗಬಾರ್ದ್ರಿ ಉಸ್ತಾದ. ಅಷ್ಟ ಮಾಡಿ ಕೊಡ್ರಿ."

ಉಸ್ತಾದರು, "ತಿರುಗೂದಿಲ್ರಿ ಬಾಯಾರ" ಎಂದರು.

ಮೆತ್ತನೆ ಪಾಟಾ, ಎರಡು ಬೆರಳು ಹೆಚ್ಚು ಉದ್ದದ ಶಾಕಲ್ ಅವರೇ ಕೂಡಿಸಿದರು. ಅಷ್ಟರಲ್ಲಿ ಅವರ ತಂಗಿಯ ಮಗಳ ನಿಕಾ ಬಂತು. ಮೂರು ದಿನ ಧಾರವಾಡಕ್ಕೆ ಹೊರಟರು. ಮಳೆ ಹತ್ತಿರ ಬಂದಿತ್ತು, ಬಾಯಿಯವರಿಗೆ ಗಾಡಿ ಬೇಕಿತ್ತು. ಹೋಗುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, "ಹಿಂದಿನ ಶಾಫ್ಟ್ ನೀನ ಮಾಡು ಬೇಟಾ. ದಾರ ಮರೀಬ್ಯಾಡ. ನಾಕ ಬೆರಳ ಮರೀಬ್ಯಾಡ" ಅಂದರು. ನನಗೆ ನೆಲ ಕಾಣಲಿಲ್ಲ ಬಿಡಿ. ಅಂದು ರಾತ್ರಿ ದೇಸೂರಿನ ಮನೆಯಲ್ಲಿ ಅವ್ವನಿಗೆ ಮೂರು ಸಲ ಹೇಳಿದೆ.

ಎಲ್ಲವನ್ನೂ ಮಾಡಿದೆ. "ಹೇರ್ರಿ" ಎಂದು ಕೂಗಿದೆ. ಅಣ್ಣಾವರೂ ಬಂದು ಹತ್ತಿದರು. ದಾರ ನೋಡಿದೆ, ತುದಿ ಮುಟ್ಟಿರಲಿಲ್ಲ. ಒಂದು ಗಾಲಿಯನ್ನು ಶಾಪಿನ ಗುಂಡಿಯ ಮೇಲೆ ತೂಗಿಸಿ ನೋಡಿದೆ, ಶಾಫ್ಟ್ ಬಿಡಲಿಲ್ಲ. ಖಾಲಿ ನಿಲ್ಲಿಸಿ ಬೆರಳು ಹಚ್ಚಿದೆ. ಮೊದಲ ಸಲ ಐದು ಬೆರಳಿನಷ್ಟಿತ್ತು. ನನಗೋ ಉದ್ದದ ಹೆದರಿಕೆ. ಬಿಚ್ಚಿ, ಕೊಯ್ದು, ವೆಲ್ಡ್ ಮಾಡಿಸಿ ಸರಿಯಾಗಿ ನಾಲ್ಕು ಬೆರಳಿಗೆ ತಂದೆ. ಆ ಗಾಲಿಯನ್ನು ಗುಂಡಿಯ ಮೇಲೆ ಮತ್ತೊಮ್ಮೆ ತೂಗಿಸಿದೆ, ಆಗಲೂ ಶಾಫ್ಟ್ ಬಿಡಲಿಲ್ಲ. ಬುಧವಾರ ಸಂಜೆ ಪರಶುರಾಮ ಗಾಡಿ ಒಯ್ದ.

ಗುರುವಾರ ಬೆಳಿಗ್ಗೆ ಉಸ್ತಾದರು ನಿಕಾದ ಮಿಠಾಯಿ ಪೊಟ್ಟಣ ಹಿಡಿದು ಬಂದರು. "ನಾಕ ಬೆರಳ ಇಟ್ಟಿಯಲ್ಲ?" ಎಂದು ಕೇಳಿದರು. "ಕೂದಲೆಳಿ ಹೆಚ್ಚು ಕಡಿಮಿ ಇಲ್ರಿ ಉಸ್ತಾದ" ಎಂದು ಹೆಮ್ಮೆಯಿಂದ ಬೆಂಚಿನ ಮೇಲೆ ನಾಲ್ಕು ಬೆರಳು ಊರಿ ತೋರಿಸಿದೆ.

ಅವರು ನನ್ನ ಕೈ ನೋಡಿದರು. ಆಗ ನಾನು ಕಡ್ಡಿ ಪೈಲವಾನ, ಬೆರಳು ನುಗ್ಗೆಕಾಯಿಯಂತೆ. ಅವರು ತಮ್ಮ ಕೈಯನ್ನು ನನ್ನ ಕೈಯ ಪಕ್ಕಕ್ಕಿಟ್ಟರು. ಅವರ ಮೂರು ಬೆರಳಿಗೆ ನನ್ನ ನಾಲ್ಕು ಮುಗಿದಿದ್ದವು. ಮಿಠಾಯಿ ಪೊಟ್ಟಣ ಬೆಂಚಿನ ಮೇಲೇ ಉಳಿಯಿತು.

"ಇವತ್ತ ಗುರುವಾರ" ಅಂದರು ಉಸ್ತಾದರು.

ಆಗ ಖಾನಾಪುರಕ್ಕೆ ಫೋನ್ ಹಚ್ಚುವುದೆಂದರೆ ತಾಸುಗಟ್ಟಲೆ ಕಾಯುವ ಕೆಲಸ. ಅಣ್ಣಾವರು ಒಂದು ಮಾತೂ ಕೇಳದೆ ತಮ್ಮ ಮೋಟಾರ್‌ಸೈಕಲ್ಲಿನ ಚಾವಿ ಕೊಟ್ಟರು. ನಾನು ಓಡಿಸಿದೆ, ಉಸ್ತಾದರು ಹಿಂದೆ ನಟ್ಟು ಬಿಚ್ಚುವ ಪಾನಾಗಳ ಚೀಲ ತೊಡೆಯ ಮೇಲಿಟ್ಟು ಕೂತರು. ದೇಸೂರಿನ ಹತ್ತಿರ ನಮ್ಮ ಊರಿನವರು ಯಾರೋ ಕೈಯೆತ್ತಿದರು, ನಾನು ತಿರುಗಿ ನೋಡಲಿಲ್ಲ. ದಾರಿಯುದ್ದಕ್ಕೂ ಉಸ್ತಾದರು ಬೈದಿದ್ದರೆ ಚೆನ್ನಾಗಿತ್ತು. ಆಚೆ ದಂಡೆಯ ಊರಿನ ಆ ಸತ್ತ ಹೆಂಗಸು, ಅವಳ ಮುಖ ನಾನು ನೋಡಿದವನಲ್ಲ, ಆದರೂ ಅವಳೇ ಕಣ್ಣ ಮುಂದೆ ಬರುತ್ತಿದ್ದಳು. ಖಾನಾಪುರದ ದವಾಖಾನೆಯಲ್ಲಿ ಕಂಪೌಂಡರ್, "ಬಾಯಿ ಎಂಟಕ್ಕ ಹೋದ್ರು" ಎಂದ.

ಮೂರನೇ ಹಳ್ಳದ ಹತ್ತಿರ ಅವರನ್ನು ಕಂಡೆವು. ನೀರು ಇನ್ನೂ ಪಾದ ಮುಳುಗುವಷ್ಟೇ. ಆದರೆ ಜೀಪು ಆಚೆ ದಂಡೆಯ ಏರಿನಲ್ಲಿ ಮೂತಿ ಮೇಲೆತ್ತಿ ನಿಂತಿತ್ತು. ಹಿಂದಿನ ಎರಡೂ ಗಾಲಿಗಳ ಹಿಂದೆ ದೊಡ್ಡ ಕಲ್ಲುಗಳನ್ನು ಒಟ್ಟಿದ್ದರು. ಹಿಂದಿನ ಶಾಫ್ಟ್ ಎರಡು ತುಂಡಾಗಿ ಜೋತುಬಿದ್ದಿತ್ತು. ಬಾಯಿಯವರು ಪಕ್ಕದ ಬಂಡೆಯ ಮೇಲೆ ಕೂತಿದ್ದರು, ಅಂಗೈಗೆ ಬ್ಯಾಂಡೇಜು ಸುತ್ತಿತ್ತು.

ಆದದ್ದು ಇಷ್ಟು. ಗುಂಡಿಯಲ್ಲಿ ನಾನು ತೂಗಿಸಿದ್ದು ಒಂದು ಗಾಲಿ. ಒಂದು ಗಾಲಿ ಇಳಿದರೆ ಅಚ್ಚಿನ ನಡುಭಾಗ ಅರ್ಧದಷ್ಟೇ ಇಳಿಯುತ್ತದೆ. ಹಳ್ಳದ ಏರಿನಲ್ಲಿ ಗಾಡಿ ಕುಪ್ಪಳಿಸಿ ಹಿಂದಿನ ಎರಡೂ ಗಾಲಿ ಒಟ್ಟಿಗೇ ತೂಗಿದವು. ಉಸ್ತಾದರ ನಾಲ್ಕು ಬೆರಳು ಇದ್ದಿದ್ದರೆ ಇನ್ನೂ ಒಂದು ಬೆರಳಷ್ಟು ಒಳಗಿರುತ್ತಿತ್ತು. ನನ್ನ ನಾಲ್ಕು ಬೆರಳು ಮುಗಿದುಹೋದವು, ಶಾಫ್ಟ್ ಕಳಚಿತು. ಆ ಹಳೇ ಜೀಪುಗಳಲ್ಲಿ ಕೈಬ್ರೇಕೂ ಅದೇ ಶಾಫ್ಟನ್ನು ಹಿಡಿಯುತ್ತದೆ, ಆದ್ದರಿಂದ ಅದೂ ಹೋಯಿತು. ಗಾಡಿ ಹಿಂದಕ್ಕೆ ಉರುಳತೊಡಗಿದಾಗ, ಅಂದು ಸ್ಟೇರಿಂಗ್ ಹಿಡಿದಿದ್ದ ಪರಶುರಾಮ ಕಾಲಿನ ಬ್ರೇಕ್ ಒತ್ತಿ ಹಿಡಿದ. ಕಾಲು ತೆಗೆದರೆ ಗಾಡಿ ಹೋಗುತ್ತದೆ. ಬಾಯಿಯವರು ಕೆಳಗೆ ಹಾರಿ, ಸೆರಗು ಸಿಕ್ಕಿಸಿ, ತಾವೇ ಕಲ್ಲು ಹೊತ್ತು ತಂದು ಗಾಲಿಗೆ ಕೊಟ್ಟಿದ್ದರು. ಅಂಗೈ ಹರಿದದ್ದು ಆಗಲೇ. ಆ ಹೆಣ್ಣುಮಗಳ ಧೈರ್ಯಕ್ಕೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಉಸ್ತಾದರು ಸಲಾಮು ಮಾಡಿ, "ತಪ್ಪಾತ್ರಿ ಬಾಯಾರ. ಶಾಫ್ಟ್ ಗಿಡ್ಡ ಆಗೈತಿ" ಅಂದರು.

"ಯಾರ ಅಳತಿ?" ಬಾಯಿಯವರು ನನ್ನ ಕಡೆಗೇ ನೋಡುತ್ತಿದ್ದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಉಸ್ತಾದರು ಹೇಳಿದರು: "ಅಳತಿ ನಂದು."

"ನೀವು ಊರಾಗ ಇರಲಿಲ್ಲಂತ ಪರಶುರಾಮ ಹೇಳಿದ."

"ಇರಲಿಲ್ರಿ. ಆದ್ರ ಅಳತಿ ನಂದ. ಹೇಳಿ ಕೊಟ್ಟಾಂವ ನಾನು, ತಪ್ಪು ಹೇಳಿಕೊಟ್ಟೇನಿ."

ಬಾಯಿಯವರು ಅವರನ್ನೂ ನನ್ನನ್ನೂ ಒಂದು ಸಲ ನೋಡಿ, "ಈಗ ಊರು ಮುಟ್ಟಸ್ತೀರೋ, ತಿರುಗಿ ಹೋಗೂಣೋ, ಅದಷ್ಟ ಹೇಳ್ರಿ" ಎಂದರು.

ಉಸ್ತಾದರು ಆಗಲೇ ಜೀಪಿನ ಕೆಳಗಿದ್ದರು. ಶಾಫ್ಟಿನ ಎರಡೂ ತುಂಡು ಬಿಚ್ಚಿ ಗಾಡಿಯೊಳಗೆ ಹಾಕಿದೆವು. ಜೀಪಿನಲ್ಲಿ ಮುಂದಿನ ಗಾಲಿಗಳಿಗೂ ಇಂಜಿನ್ನಿನ ಬಲ ಹೋಗುತ್ತದೆ. ಆ ಗೇರು ಹಾಕಿದರೆ ಮುಂದಿನ ಎರಡೇ ಗಾಲಿ ಗಾಡಿಯನ್ನು ಎಳೆಯುತ್ತವೆ. ಆದರೆ ಏರಿನಲ್ಲಿ ಜಾರಿದರೆ ತಡೆಯಲು ಕೈಬ್ರೇಕ್ ಇಲ್ಲ. ಹಳ್ಳದ ದಂಡೆಯಲ್ಲಿ ಬಿದ್ದಿದ್ದ ಮರದ ತುಂಡೊಂದನ್ನು ಉಸ್ತಾದರು ನನ್ನ ಕೈಗೆ ಕೊಟ್ಟರು. "ಹಿಂದ ನಡಕೋತ ಬಾ. ಗಾಡಿ ನಿಂತ್ರ ಗಾಲಿಗಿ ಕೊಡು" ಎಂದು ಅವರೇ ಸ್ಟೇರಿಂಗ್ ಹಿಡಿದರು.

ಊರು ಎರಡು ಮೈಲು. ಆ ಎರಡು ಮೈಲೂ ನಾನು ಆ ತುಂಡನ್ನು ಎದೆಗವಚಿಕೊಂಡು ಗಾಡಿಯ ಹಿಂದೆ ನಡೆದೆ. ಗಾಡಿ ಆರು ಸಲ ನಿಂತಿತು, ಆರೂ ಸಲ ಗಾಲಿಗೆ ಕೊಟ್ಟೆ. ಬಾಯಿಯವರು ಹಿಂದಿನ ಸೀಟಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ಐದನೇ ಸಲಕ್ಕೆ, "ನೀರು ಕುಡೀಪಾ" ಎಂದು ತಮ್ಮ ತಂಬಿಗೆ ಚಾಚಿದರು. ಆಗ ಕಣ್ಣೀರು ಬಂತು, ಸುಳ್ಳು ಯಾಕೆ ಹೇಳಲಿ. ಅವರು ಅಂದು ಊರಿನಲ್ಲಿ ಎಲ್ಲರನ್ನೂ ನೋಡಿದರು. ಶ್ರಾವಣದಲ್ಲಿ ಹೆರಬೇಕಾದ ಒಬ್ಬಳು ಬಸುರಿಯೂ ಅವರಲ್ಲಿ ಇದ್ದಳು. ಅವಳ ಕೈ ಹಿಡಿದು, "ಬರ್ತೇನಿ, ಹೆದರಬ್ಯಾಡ" ಎಂದು ಬಾಯಿಯವರು ಹೇಳಿದ್ದನ್ನು ಬಾಗಿಲಲ್ಲಿ ನಿಂತು ಕೇಳಿದೆ. ಅವರು ಕೊಟ್ಟ ಆ ಮಾತು ನಮ್ಮ ಶಾಫ್ಟಿನ ಮೇಲೆ ನಿಂತಿತ್ತು.

ಮರುದಿನ ಶಾಪಿನಲ್ಲಿ ಎಲ್ಲರೂ ಕೆಲಸ ಮಾಡುವವರಂತೆ ನಟಿಸುತ್ತ ನಮ್ಮ ಕಡೆಗೇ ಕಿವಿ ಕೊಟ್ಟಿದ್ದರು. ನನ್ನನ್ನು ಇನ್ನು ಶಾಫ್ಟ್ ಮುಟ್ಟಲು ಬಿಡುವುದಿಲ್ಲ ಎಂದೇ ನಾನೂ ತಿಳಿದಿದ್ದೆ. ಉಸ್ತಾದರು ಸೀಮೆಸುಣ್ಣದ ಖಡು ತೆಗೆದುಕೊಂಡು ಬೆಂಚಿನ ಮೇಲೆ ತಮ್ಮ ಕೈಯ ಸುತ್ತ ಗೆರೆ ಎಳೆದರು. ಅದರೊಳಗೆ ನನ್ನ ಕೈಯಿಡಲು ಹೇಳಿದರು. ಮಕ್ಕಳು ಅಪ್ಪನ ಚಪ್ಪಲಿಯಲ್ಲಿ ಕಾಲಿಟ್ಟಂತೆ ಕಂಡಿತು. ಯಾರೋ ನಕ್ಕರು. ಉಸ್ತಾದರು ನಗಲಿಲ್ಲ.

"ಮೂವತ್ತು ವರ್ಷ ಆತು, ನಾಕ ಬೆರಳ, ನಾಕ ಬೆರಳ ಅಂತ ಹೇಳಕೋತ ಬಂದೇನಿ. ಯಾರ ಬೆರಳ ಅಂತ ಒಂದ ಸಲ ವಿಚಾರ ಮಾಡ್ಲಿಲ್ಲ. ನನ್ನ ಕೈ ನಂಬಬ್ಯಾಡ ಬೇಟಾ. ಸ್ಕೇಲ್ ತಾ."

ತಂದೆ. ಅವರ ನಾಲ್ಕು ಬೆರಳಿಗೆ ಹಚ್ಚಿ ನೋಡಿದೆ, ಮೂರೂವರೆ ಇಂಚು ಚೂರು ಹೆಚ್ಚು. ನನ್ನವು ಮೂರಕ್ಕೂ ಕಡಿಮೆ.

"ಇದನ್ನ ಓದಾಕ ನನಗ ಕಲಿಸು" ಅಂದರು ಉಸ್ತಾದರು, ಎಲ್ಲರಿಗೂ ಕೇಳುವಂತೆ.

ನಾನು ತಪ್ಪು ಮಾಡಿದವನು. ಅವರು ನನ್ನ ಮುಂದೆ ಕಲಿಯಲು ಕೂತರು. ಒಂದು ವಾರ, ಮಧ್ಯಾಹ್ನ ಬುತ್ತಿ ಉಂಡ ಮೇಲೆ, ಆ ದೊಡ್ಡ ಹೆಬ್ಬೆರಳಿನ ಉಗುರನ್ನು ಸ್ಕೇಲಿನ ಗೆರೆಗಳ ಮೇಲೆ ಓಡಿಸುತ್ತ ಅರ್ಧ, ಕಾಲು, ಅರೆಪಾವು ಎಂದು ಎಣಿಸಿದರು. ಎಂಟನೇ ದಿನ ಹಿತ್ತಾಳೆಯ ಒಂದು ತುಂಡನ್ನು ತಮ್ಮ ನಾಲ್ಕು ಬೆರಳಿನ ಅಗಲಕ್ಕೆ ಸರಿಯಾಗಿ ಕೊಯ್ದು, ಅಂಚು ಸಾಣೆ ಹಿಡಿದು, "ಇದು ಶಾಪಿನ ಬೆರಳ. ಯಾಂವ ಮಾಡಿದ್ರೂ ಇದರಲೇ ಮಾಡಬೇಕು" ಎಂದು ಮೊಳೆಗೆ ತೂಗು ಹಾಕಿದರು. ಗುಂಡಿಯ ಪಕ್ಕದಲ್ಲಿ ಇನ್ನೊಂದು ಗುಂಡಿ ಅಗೆಸಿ, ಎರಡೂ ಗಾಲಿ ಒಟ್ಟಿಗೆ ತೂಗಿಸಿ ನೋಡುವ ಪದ್ಧತಿ ಅಂದಿನಿಂದ ಶುರುವಾಯಿತು. ಗೌರಿಯ ಕಾಲೇಜಿನಲ್ಲಿ ಇದಕ್ಕೆ ದೊಡ್ಡ ಹೆಸರುಗಳಿವೆ. ಓದದ ಮನುಷ್ಯ ತನ್ನ ತಪ್ಪನ್ನು ಒಪ್ಪಿಕೊಂಡು ಮಾಡಿದ್ದು ಅದನ್ನೇ.

ಬಾಯಿಯವರ ಹೊಸ ಶಾಫ್ಟನ್ನು ಉಸ್ತಾದರು ನನ್ನ ಕೈಯಿಂದಲೇ ಮಾಡಿಸಿದರು. ತಾವು ಮುಟ್ಟಲಿಲ್ಲ, ಬಾಜೂಕ ಕೂತು ನೋಡಿದರು. ಆ ಮಳೆಗಾಲ ಪೂರ್ತಿ ಗುರುವಾರ ಬಂದರೆ ನನಗೆ ಬುತ್ತಿ ಒಳಗಿಳಿಯುತ್ತಿರಲಿಲ್ಲ. ಗಣಪತಿ ಹಬ್ಬ ಮುಗಿದ ಮೇಲೆ ಒಂದು ದಿನ ಜೀಪು ಗೇಟಿನೊಳಗೆ ಬಂತು. ಉಸ್ತಾದರು ಸಪ್ಪಳ ಕೇಳಿ, "ಶಾಫ್ಟ್ ಛಲೋ ಐತಿ" ಅಂದರು. ಬಾಯಿಯವರು ಇಳಿದು ನನ್ನ ಹತ್ತಿರ ಬಂದು, "ಶ್ರಾವಣದಾಕಿ ಹೆರಿಗಿ ಆದ್ಲಪಾ. ಗಂಡಸ ಕೂಸು. ತಾಯಿ, ಕೂಸು ಇಬ್ರೂ ಆರಾಮ ಅದಾರ. ಒಂದ ಸಲಾನೂ ತಿರುಗಿ ಬರಲಿಲ್ಲ" ಎಂದು ಒಂದು ಪೊಟ್ಟಣ ಪೇಢೆ ಕೊಟ್ಟರು. ನಾನು ಅದನ್ನು ಒಯ್ದು ಉಸ್ತಾದರ ಕೈಗಿಟ್ಟೆ. ಅವರು ಒಂದು ಪೇಢೆ ಮುರಿದು ಅರ್ಧ ನನ್ನ ಬಾಯಿಗೆ ಹಾಕಿದರು.

ಮುಂದೆ ಎಂಬತ್ತರ ದಶಕದಲ್ಲಿ ಕಾಲ ಬದಲಾಯಿತು. ಕಂಪನಿಯ ತಯಾರು ಶಾಫ್ಟುಗಳು ಡಬ್ಬಿಯಲ್ಲಿ ಬಂದವು. ಶಾಫ್ಟಿನ ತೂಕ ಸುತ್ತಲೂ ಸಮ ಇದೆಯೋ ಎಂದು ತಿರುಗಿಸಿ ನೋಡುವ ಮಶಿನ್ನು ಬಂತು. ಅದು ಒಳ್ಳೆಯದೇ, ನಮ್ಮ ಶಾಫ್ಟುಗಳು ಓಟದಲ್ಲಿ ಗುಂಯ್‌ಗುಡುತ್ತಿದ್ದವು, ಅದು ನಿಂತಿತು. ಒಬ್ಬ ಇಂಜಿನಿಯರು ನಕಾಶೆ ಹಿಡಿದು ಬಂದು ಎಲ್ಲ ಗಾಡಿಗೂ ಒಂದೇ ಅಳತೆ ಸಾಕು ಎಂದು ಅಣ್ಣಾವರಿಗೆ ತಿಳಿಹೇಳುತ್ತಿದ್ದರು. ಉಸ್ತಾದರು ಬಹಳ ಮರ್ಯಾದೆಯಿಂದ, "ಸಾಹೇಬ್ರ, ಈ ನಕಾಶಿ ಮ್ಯಾಲ ಎಷ್ಟ ಮಂದಿ ಕುಂತಾರ?" ಎಂದು ಕೇಳಿದರು. ಇಂಜಿನಿಯರಿಗೆ ಅರ್ಥವಾಗಲಿಲ್ಲ. ಅವರನ್ನೂ ಜೀಪಿನಲ್ಲಿ ಹತ್ತಿಸಿ, ಉಸುಕಿನ ಚೀಲ ತೊಡೆಯ ಮೇಲಿಟ್ಟು, ದಾರ ತೋರಿಸಿದೆವು. ಒಳ್ಳೆಯ ಮನುಷ್ಯ, ಇಳಿದ ಮೇಲೆ ನಕಾಶೆಯ ಮೂಲೆಯಲ್ಲಿ ಏನೋ ಬರೆದುಕೊಂಡರು. ಆಮೇಲೆ ಅವರು ಬಂದಾಗಲೆಲ್ಲ ಮೊದಲು ಉಸ್ತಾದರನ್ನು ಮಾತಾಡಿಸುತ್ತಿದ್ದರು.

ಉಸ್ತಾದರು ಕೆಲಸ ಬಿಟ್ಟ ದಿನ ಹಾರ ಬೇಡ, ಭಾಷಣ ಬೇಡ ಅಂದರು. ಮೊಳೆಯಿಂದ ಹಿತ್ತಾಳೆಯ ತುಂಡು ತೆಗೆದು ನನ್ನ ಜೇಬಿಗೆ ಹಾಕಿ, ಜೇಬಿನ ಮೇಲೆ ಒಮ್ಮೆ ತಟ್ಟಿ ಹೋದರು. ಶಾಪಿಗೆ ಅದರಂಥದ್ದೇ ಇನ್ನೊಂದನ್ನು ನಾನು ಮಾಡಿ ತೂಗು ಹಾಕಿದೆ. ಅವರು ಹೋಗಿ ಬಹಳ ವರ್ಷವಾಯಿತು. ಅವರ ಮಣ್ಣಿಗೆ ಹೋದಾಗ ಸುಮತಿಬಾಯಿಯವರೂ ಖಾನಾಪುರದಿಂದ ಬಂದು ದೂರದಲ್ಲಿ ನಿಂತಿದ್ದರು.

ಇಷ್ಟನ್ನು ಗೌರಿಗೆ ಹೇಳಿದಾಗ, "ಆ ಹಿತ್ತಾಳಿ ತೋರ್ಸು" ಎಂದಳು. ಕಪಾಟಿನಿಂದ ತಂದೆ. ಅವಳ ಕ್ರಾಲರಿನ ಇಡೀ ಶಾಫ್ಟೇ ಅದಕ್ಕಿಂತ ಗಿಡ್ಡ. ಅವಳಿಗೆ ನಗೆ ತಡೆಯಲಿಲ್ಲ. "ನಿನ್ನ ಗಾಡಿಗಿ ಇದು ಬ್ಯಾಡ. ಮೊದಲು ನಿನ್ನ ಕಲ್ಲು ನೋಡು. ಗಾಡಿ ಎತ್ತಿ ಹಿಡಿದು ಹಿಂದಿನ ಎರಡೂ ಗಾಲಿ ಒಟ್ಟಿಗೆ ತೂಗಿಸು. ಆಮೇಲೆ ಕೈಯಿಂದ ಪೂರಾ ಒತ್ತು. ಆ ಎರಡರ ನಡುವ ಶಾಫ್ಟ್ ಬಿಡಲೂಬಾರ್ದು, ಗುದ್ದಲೂಬಾರ್ದು. ಅದು ಕೂಡಿ ಬರೂವಂಥ ಲಿಂಕ್ ಆರಿಸ್ಕೊ. ಮೊದಲ ಲಿಂಕ್ ಆರಿಸಿ ಆಮ್ಯಾಲ ಶಾಫ್ಟ್ ಹುಡುಕಬ್ಯಾಡ" ಎಂದೆ.

ಅವಳು ತನ್ನ ನಾಲ್ಕು ಬೆರಳನ್ನು ಹಿತ್ತಾಳೆಯ ಮೇಲೆ ಇಟ್ಟಳು. ಒಂದು ಬೆರಳಿನಷ್ಟು ಹಿತ್ತಾಳೆ ಹೊರಗೆ ಉಳಿಯಿತು. ಅಂದು ಬೆಂಚಿನ ಮೇಲೆ ಉಸ್ತಾದರ ಗೆರೆಯೊಳಗೆ ನನ್ನ ಕೈ ಉಳಿಸಿದ್ದಷ್ಟೇ ಜಾಗ.

"ಈಗ ನೀ ಇಡು ಅಜ್ಜಾ."

ಇಷ್ಟು ವರ್ಷದಲ್ಲಿ ಆ ತುಂಡಿನಿಂದ ಸಾವಿರ ಶಾಫ್ಟ್ ಅಳೆದಿದ್ದೇನೆ. ಅದರ ಮೇಲೆ ಕೈಯಿಟ್ಟು ನೋಡಿದವನಲ್ಲ. ಆ ದಿನದ ನಾಚಿಕೆ ಅಷ್ಟಿತ್ತು. ಅವಳು ಬಿಡಲಿಲ್ಲ, ಇಟ್ಟೆ. ಮೂವತ್ತೈದು ವರ್ಷದ ಸುತ್ತಿಗೆ, ಪಾನಾ, ಕಬ್ಬಿಣ ತಿಂದು ಗೆಣ್ಣುಗಳು ದಪ್ಪಗಾಗಿವೆ, ಬೆರಳು ಪೂರ್ತಿ ಮುಚ್ಚುವುದೂ ಇಲ್ಲ. ಈ ಅಂಚಿನಿಂದ ಆ ಅಂಚಿನವರೆಗೆ ಹಿತ್ತಾಳೆ ಸರಿಯಾಗಿ ಮುಚ್ಚಿತು. ಯಾವ ಕಡೆಯೂ ಏನೂ ಉಳಿಯಲಿಲ್ಲ.

ಗೌರಿ ಬಗ್ಗಿ ನೋಡಿ, "ಅಜ್ಜಾ, ಬರೋಬ್ಬರಿ ಕೂತೈತಿ. ಇನ್ನ ನಿನ್ನ ಕೈಯಿಂದ ಅಳದ್ರೂ ನಡೀತೈತಿ" ಅಂದಳು.

ಹಿತ್ತಾಳೆಯ ಮೇಲಿಂದ ಕೈ ತೆಗೆದೆ. "ನನ್ನ ಕೈ ನಂಬಬ್ಯಾಡ" ಎಂದೆ. "ಸ್ಕೇಲ್ ತಾ."